ಬಂಗುಡೆ ಗಾಳ, ಆರನೇ ವಾರ: ಈ ಸಲ ನಿಜವಾದ ಬಂಗುಡೆ

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಎರಡು ವಾರ "ಬಂಗುಡೆ ಸಿಕ್ಕಿತು" ಅಂತ ಜಂಬದಿಂದ ಬರೆದಿದ್ದೆನಲ್ಲ, ಅದು ಬಂಗುಡೆಯೇ ಅಲ್ಲ! ಮಲ್ಪೆಯಲ್ಲಿ ಮೀನು ಮಾರುವ ಅಕ್ಕನಿಗೆ ತೋರಿಸಿದೆ. ಅವರು ನನ್ನ ಬೆರಳು ಹಿಡಿದು ಮೀನಿನ ಪಕ್ಕೆಯ ಮೇಲೆ ಬಾಲದಿಂದ ತಲೆಯ ಕಡೆಗೆ ಎಳೆದರು. ಗರಗಸ ಸವರಿದ ಹಾಗಾಯಿತು. "ಬಂಗುಡೆಗೆ ಇಂಥ ಮುಳ್ಳು ಉಂಟಾ ಮಾರಾಯ್ರೇ?" ಅಂತ ನಕ್ಕರು.

ಆಮೇಲೆ ಒಂದು ನಿಜವಾದ ಬಂಗುಡೆ ಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬಂಗುಡೆಗೆ ಬೆನ್ನಿನ ಎರಡನೇ ರೆಕ್ಕೆ ಮುಗಿದ ಮೇಲೆ ಬಾಲದವರೆಗೆ ಬಿಡಿಬಿಡಿಯಾಗಿ 5 ಪುಟ್ಟ ರೆಕ್ಕೆ, ಹೊಟ್ಟೆಯ ಕಡೆಯೂ 5. ನನ್ನದಕ್ಕೆ ಮೇಲೊಂದು, ಕೆಳಗೊಂದು, ಅಷ್ಟೇ. ಬಂಗುಡೆಯ ಎದೆರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆಯೂ ಇರುತ್ತದೆ. ಬಾಯಿ ಅಗಲಿಸಿದರೆ ಒಳಗೆ ಕಿವಿರಿನ ಕಡ್ಡಿಗಳು ಹಕ್ಕಿಗರಿಯ ಹಾಗೆ ಕಾಣುತ್ತವೆ, ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ಅದು ಸೋಸಿ ತಿನ್ನುವುದು ಇದರಿಂದಲೇ. ಇಂಥ ಮೀನಿಗೆ ನಾನು ಹೆಬ್ಬೆರಳು ಗಾತ್ರದ ಸಿಗಡಿ ಕಟ್ಟಿ ಐದು ವಾರ ಕಾದು ಕೂತಿದ್ದೆ ನೋಡಿ!

ಹಾಗಾಗಿ ಸಿಗಡಿ ಬಿಟ್ಟು ಸಬಿಕಿ ಹಾಕಿದೆ. ಒಂದೇ ದಾರಕ್ಕೆ ಆರು ಚಿಕ್ಕ ಕೊಕ್ಕೆ, ಪ್ರತಿಯೊಂದಕ್ಕೂ ಮಿಣಮಿಣ ಮಿಂಚುವ ಚೂರು, ತುದಿಗೆ ಸೀಸ. ಭಾನುವಾರ ಬೆಳಿಗ್ಗೆ ಬ್ರೇಕ್‌ವಾಟರ್‌ನ ಕಲ್ಲಿನ ಮೇಲೆ ನಿಂತಿದ್ದಾಗ ಒಂದು ಕಡೆ ನೀರು ಸಣ್ಣಗೆ ಕುದಿದ ಹಾಗೆ ಕಂಡಿತು, ಹಕ್ಕಿಗಳೂ ಮುಗಿಬಿದ್ದವು. ಅಲ್ಲಿಗೇ ಎಸೆದು, ಸ್ವಲ್ಪ ಮುಳುಗಲು ಬಿಟ್ಟು ಮೆಲ್ಲಗೆ ಕುಲುಕಿದೆ. ರಾಡಿನ ತುದಿ ಟಕಟಕ ಅಂತು, ಆಮೇಲೆ ದಾರ ಇದ್ದಕ್ಕಿದ್ದಂತೆ ಸಡಿಲವಾಯಿತು. ತುಂಡಾಯಿತು ಅಂದುಕೊಂಡೆ. ಇಲ್ಲ, ಮೀನುಗಳೇ ಮೇಲಕ್ಕೆ ಈಜುತ್ತಿದ್ದವು. ಒಂದೇ ಸಲಕ್ಕೆ ಮೂರು!

ಹತ್ತು ನಿಮಿಷ, ಅಷ್ಟರಲ್ಲಿ ಗುಂಪು ಮಾಯ. ಒಟ್ಟು 11. ಕೇರಳದಲ್ಲಿ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ, ನಾನೂ ಅದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಎರಡನ್ನು ವಾಪಸ್ ಬಿಟ್ಟೆ. ಉಳಿದದ್ದು ಆಗಲೇ ಐಸಿಗೆ. ಇದರಲ್ಲಿ ಮಾತ್ರ ಸೋಮಾರಿತನ ಬೇಡ. ಬಂಗುಡೆ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮೀನ್ (ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು) ಏರುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಒಂದು ತಲೆನೋವು ಬಾಕಿ ಇದೆ. ಮೂರು ಮೀನು ಒಟ್ಟಿಗೆ ಒದ್ದಾಡಿದರೆ ಆರೂ ಕೊಕ್ಕೆ ಗಂಟು. ಬಿಡಿಸುವುದರಲ್ಲೇ ಗುಂಪು ದಾಟಿ ಹೋಯಿತು. ಮುಂದಿನ ವಾರ ಮೂರೇ ಕೊಕ್ಕೆ ಉಳಿಸಿ, ಸೀಸ ಸ್ವಲ್ಪ ಭಾರದ್ದು ಹಾಕಿ ನೋಡುತ್ತೇನೆ.