ಪಾರ್ನಿ ಸ್ಟ್ರೀಟಿನಲ್ಲಿ ಜನವರಿಯ ಕ್ರಿಸ್‌ಮಸ್

2022ರ ಜನವರಿ. ರಾತ್ರಿ ಹತ್ತೂವರೆ ಆಗಿತ್ತು. ಪಾರ್ಟ್‌ಟೈಮ್ ಕೆಲಸ ಮುಗಿಸಿ ಟ್ರಾನ್‌ಗೇಟ್ ಹತ್ತಿರ ಬಂದರೆ ಬೀದಿ ತುಂಬ ಕ್ರಿಸ್‌ಮಸ್ ದೀಪ. ಹಬ್ಬ ಮುಗಿದು ಎಷ್ಟೋ ದಿನ ಆಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರವರು ತಮ್ಮ ದೀಪಗಳನ್ನೆಲ್ಲ ಕಳಚಿ ಒಳಗಿಟ್ಟಿದ್ದರು. ಪಾರ್ನಿ ಸ್ಟ್ರೀಟ್, ಕಿಂಗ್ ಸ್ಟ್ರೀಟ್ ಕಡೆ ಮಾತ್ರ ಮತ್ತೆ ಹಬ್ಬ ಶುರುವಾದ ಹಾಗಿತ್ತು. ದಿನಾ ಓಡಾಡುವ ದಾರಿಯಲ್ಲೇ ಒಂದು ಕ್ಷಣ ದಾರಿ ತಪ್ಪಿದೆನೇನೋ ಅನ್ನಿಸಿತು.

ಅಲ್ಲಿ 'ಬ್ಯಾಟ್‌ಗರ್ಲ್' ಅನ್ನೋ ಹಾಲಿವುಡ್ ಸಿನಿಮಾದ ಶೂಟಿಂಗ್ ನಡೀತಿತ್ತು. ಗ್ಲಾಸ್ಗೋ ಬೀದಿಗಳು ಅಡ್ಡಗೆರೆ ಉದ್ದಗೆರೆ ಎಳೆದ ಹಾಗೆ ನೇರ. ಎರಡೂ ಬದಿ ಹಳೆಯ ಎತ್ತರದ ಕಲ್ಲಿನ ಕಟ್ಟಡಗಳು. ಅದಕ್ಕೇ ಅಮೆರಿಕದ ಊರು ಬೇಕಾದಾಗ ಸಿನಿಮಾದವರು ಇಲ್ಲಿಗೆ ಬರುತ್ತಾರೆ. ಈ ಸಲ ನಮ್ಮ ಬೀದಿ ಬ್ಯಾಟ್‌ಮ್ಯಾನ್ ಕಥೆಗಳ ಊರು ಗಾಥಮ್ ಆಗಿತ್ತು.

ಬ್ಯಾರಿಕೇಡ್ ಪಕ್ಕ ನಿಂತೆ. ಎರಡೋ ಮೂರೋ ಡಿಗ್ರಿ ಚಳಿ, ಜೊತೆಗೆ ಹನಿ ಮಳೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ಅಮ್ಮ ಫ್ಲಾಸ್ಕ್ ಹಿಡಿದು ನಿಂತಿದ್ದರು. "ಇನ್ನೂ ಲೇಟಾಗುತ್ತೆ, ಹೆನ್" ಅಂದರು. ಗ್ಲಾಸ್ಗೋದಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಹೀಗೇ ಕರೆಯೋದು. ನನಗದು ನಮ್ಮ ಕಡೆಯ 'ಪುಟ್ಟಿ' ಥರವೇ ಕೇಳಿಸುತ್ತದೆ.

ಅರ್ಧ ಗಂಟೆಯಾದ ಮೇಲೆ ಬ್ಯಾಟ್‌ಗರ್ಲ್ ಕಂಡಳು. ನೇರಳೆ ಬಣ್ಣದ ಸೂಟು, ಹಳದಿ ಬೂಟು. ಅದರ ಮೇಲೆ ಮೊಣಕಾಲಿನವರೆಗೆ ಬರುವ ದಪ್ಪ ಕಪ್ಪು ಕೋಟು. ಎರಡೂ ಕೈಯನ್ನು ಬಾಯಿ ಹತ್ತಿರ ಹಿಡಿದು ಊದಿಕೊಳ್ಳುತ್ತಿದ್ದಳು. ನಾಯಕಿ ಲೆಸ್ಲಿ ಗ್ರೇಸೋ, ಅವರ ಬದಲು ಸಾಹಸ ಮಾಡುವವರೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಯಾರೋ ಓಡಿ ಬಂದು ಕೋಟು ತೆಗೆದುಕೊಂಡರು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. ಒಂದೇ ಕ್ಷಣ, ಚಳಿಯಲ್ಲಿ ನಡುಗುತ್ತಿದ್ದ ಹುಡುಗಿ ಹೋಗಿ ಗಾಥಮ್ ಕಾಯುವವಳು ಬಂದಿದ್ದಳು. ಆ ಬದಲಾವಣೆ ಈಗಲೂ ನನ್ನ ಕಣ್ಣಲ್ಲಿದೆ. ನಾಲ್ಕು ಹೆಜ್ಜೆ ಓಡಿದಳು, ನಿಲ್ಲಿಸಿದರು. ಮತ್ತೆ ಕೋಟು. ಮತ್ತೆ ಅದೇ ನಾಲ್ಕು ಹೆಜ್ಜೆ. ನಾನು ನೋಡ್ತಾ ಇರುವಾಗಲೇ ಆರು ಸಲ ಓಡಿದಳು. ಫೋನಿನಲ್ಲಿ ಒಂದು ಫೋಟೋ ತೆಗೆದೆ. ಮಳೆಹನಿ ಬಿದ್ದು ಎಲ್ಲ ಮಸುಕು.

ಆಗಸ್ಟ್ 2ರಂದು ಸುದ್ದಿ ಬಂತು. ಸಿನಿಮಾ ಬಿಡುಗಡೆ ಮಾಡೋದಿಲ್ಲವಂತೆ. ಥಿಯೇಟರಿಗೂ ಇಲ್ಲ, ಒಟಿಟಿಗೂ ಇಲ್ಲ.

ಮೊದಲು ನಂಬಲಿಲ್ಲ. ಶೂಟಿಂಗ್ ಮಾರ್ಚ್‌ನಲ್ಲೇ ಮುಗಿದಿತ್ತು, ಎಡಿಟಿಂಗ್ ನಡೀತಿತ್ತು. ಖರ್ಚು ಸುಮಾರು 9 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 700 ಕೋಟಿ ರೂಪಾಯಿಗೂ ಮೇಲೆ. ಮೈಕಲ್ ಕೀಟನ್ 1992ರ ನಂತರ ಮತ್ತೆ ಬ್ಯಾಟ್‌ಮ್ಯಾನ್ ವೇಷ ಹಾಕಿದ್ದರು. ಬೆಂಕಿ ಹಚ್ಚುವ ಖಳನಾಗಿ ಬ್ರೆಂಡನ್ ಫ್ರೇಜರ್ ಇದ್ದರು.

ಈ ಸಿನಿಮಾದ ಹಾದಿ ಶುರುವಿನಿಂದಲೂ ಸುಲಭ ಇರಲಿಲ್ಲ. 2017ರಲ್ಲಿ ಇದನ್ನು ನಿರ್ದೇಶಕ ಜಾಸ್ ವೀಡನ್ ಮಾಡುತ್ತಾರೆ ಅಂತ ಆಗಿತ್ತು. ಮರುವರ್ಷ ಅವರು ಕಥೆ ಹೊಳೀತಿಲ್ಲ ಅಂತ ಬಿಟ್ಟರು. ಬರೆಯುವ ಕೆಲಸ ಕ್ರಿಸ್ಟಿನಾ ಹಾಡ್ಸನ್ ಕೈಗೆ ಬಂತು. 2021ರಲ್ಲಿ ಬೆಲ್ಜಿಯಂನ ಆದಿಲ್ ಎಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾ ನಿರ್ದೇಶಕರಾದರು. ಆಗ ಇದು ವಾರ್ನರ್ ಕಂಪನಿಯ ಒಟಿಟಿ ಎಚ್‌ಬಿಒ ಮ್ಯಾಕ್ಸ್‌ಗೆ ಅಂತಲೇ ಮಾಡುತ್ತಿದ್ದ ಸಿನಿಮಾ. 2022ರ ಏಪ್ರಿಲ್‌ನಲ್ಲಿ ವಾರ್ನರ್ ಮತ್ತು ಡಿಸ್ಕವರಿ ಒಂದಾದವು. ಡೇವಿಡ್ ಝಾಸ್ಲಾವ್ ಮುಖ್ಯಸ್ಥರಾದರು, ಲೆಕ್ಕಾಚಾರವೇ ಬದಲಾಯಿತು. ದೊಡ್ಡ ಪರದೆಗೆ ಇದು ಚಿಕ್ಕದು, ಒಟಿಟಿಗೆ ದುಬಾರಿ. ಸಿನಿಮಾ ಮುಚ್ಚಿಟ್ಟು ನಷ್ಟ ಅಂತ ಬರೆದರೆ ತೆರಿಗೆ ಉಳಿಯುತ್ತದೆ ಅಂತ ಆಗ ಎಲ್ಲ ಕಡೆ ವರದಿಯಾಯಿತು.

ಸುದ್ದಿ ಬಂದಾಗ ನಿರ್ದೇಶಕರು ಮೊರಾಕೊದಲ್ಲಿದ್ದರು. ಅದು ಆದಿಲ್ ಮದುವೆಯ ಸಮಯ. ಸಿನಿಮಾವನ್ನು ಫೋನಿನಲ್ಲಾದರೂ ಚಿತ್ರೀಕರಿಸಿಕೋ ಅಂತ ಆದಿಲ್ ಬಿಲಾಲ್‌ಗೆ ಹೇಳಿದರಂತೆ. ಬಿಲಾಲ್ ಸಿನಿಮಾ ಇಟ್ಟಿದ್ದ ಸರ್ವರ್ ತೆರೆದು ನೋಡಿದರೆ ಎಲ್ಲ ಬಂದ್. ಇದನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ತಮ್ಮ ಮನೆಗೇ ಬೇರೆಯವರು ಬೀಗ ಹಾಕಿದ ಹಾಗಲ್ವಾ?

ಸಿನಿಮಾ ಚೆನ್ನಾಗಿರಲಿಲ್ಲ, ಅದಕ್ಕೇ ಬಿಡಲಿಲ್ಲ ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಎಷ್ಟು ಕೆಟ್ಟ ಸಿನಿಮಾಗಳು ಪ್ರತಿ ಶುಕ್ರವಾರ ಬರೋದಿಲ್ಲ ಹೇಳಿ. ಚೆನ್ನಾಗಿಲ್ಲ ಅಂತ ಹೇಳುವ ಹಕ್ಕು ನೋಡಿದವರದ್ದು. ಅವರಿಗೆ ತೋರಿಸಲೇ ಇಲ್ಲ ಅನ್ನೋದೇ ನನ್ನ ಸಂಕಟ.

ಸುದ್ದಿ ಬಂದ ವಾರದ ಭಾನುವಾರ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಗಾಂಧಿನಗರದ ಸಿನಿಮಾಗಳಲ್ಲಿ ಇಪ್ಪತ್ತು ವರ್ಷ ಲೈಟ್ ಹೊತ್ತವರು. ಅವರು ದುಡಿದ ಸಿನಿಮಾಗಳಲ್ಲೂ ಒಂದು ಡಬ್ಬಾದಲ್ಲೇ ಉಳಿದಿದೆ. ನಿರ್ಮಾಪಕರ ಹತ್ತಿರ ದುಡ್ಡು ಮುಗಿದಿತ್ತು. ಸಕಲೇಶಪುರದ ಮಳೆಯಲ್ಲಿ ನಲವತ್ತು ದಿನ ದುಡಿದದ್ದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ.

ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು ಇದನ್ನೇ: "ದಿನದ ಬೇಟಾ ದುಡ್ಡು ಕೊಟ್ಟಿದ್ರಂತಾ ಹುಡುಗರಿಗೆ?"

"ಕೊಟ್ಟೇ ಇರ್ತಾರೆ ಚಿಕ್ಕಪ್ಪ, ದೊಡ್ಡ ಕಂಪನಿ."

"ಹಂಗಾದ್ರೆ ಪರವಾಗಿಲ್ಲ ಬಿಡು." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ಆದ್ರೂ ಪುಟ್ಟಿ, ಕೊನೇಲಿ ಹೆಸರು ಓಡ್ತಾವಲ್ಲ, ಅದು ಬರಲ್ವಲ್ಲ. ನಿಮ್ಮ ಚಿಕ್ಕಮ್ಮ ನನ್ನ ಹೆಸರು ಬರೋವರೆಗೂ ಎದ್ದೇಳ್ತಿರಲಿಲ್ಲ ಥಿಯೇಟರಲ್ಲಿ. ಗೇಟ್ ಕಾಯೋನು ಬಂದು ಬೈದರೂ ಕೂತಿರೋಳು."

ಆಗಸ್ಟ್ ಕೊನೆಯಲ್ಲಿ ಸಿನಿಮಾದಲ್ಲಿ ದುಡಿದ ಕೆಲವರಿಗೆ ಸ್ಟುಡಿಯೋದೊಳಗೇ ಗುಟ್ಟಾಗಿ ಒಮ್ಮೆ ತೋರಿಸುತ್ತಾರೆ ಅಂತ ಹಾಲಿವುಡ್ ಪತ್ರಿಕೆಗಳಲ್ಲಿ ಬಂತು. ಶವಸಂಸ್ಕಾರದ ಪ್ರದರ್ಶನ ಅಂತ ಅದಕ್ಕೆ ಹೆಸರು ಬಿತ್ತು. ಮರುವರ್ಷ ಅದೇ ಕಂಪನಿ 'ಕಯೋಟಿ ವರ್ಸಸ್ ಆ್ಯಕ್ಮಿ' ಅನ್ನುವ ಇನ್ನೊಂದು ಮುಗಿದ ಸಿನಿಮಾವನ್ನೂ ಹೀಗೇ ಮುಚ್ಚಿಡಲು ಹೊರಟಿತು. ದೊಡ್ಡ ಗಲಾಟೆಯಾಯಿತು. ಕೊನೆಗೆ 2025ರಲ್ಲಿ ಬೇರೆ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಬ್ಯಾಟ್‌ಗರ್ಲ್‌ಗೆ ಆ ಭಾಗ್ಯ ಬರಲಿಲ್ಲ.

ಆ ಭಾನುವಾರ ಫೋನ್ ಇಡುವ ಮೊದಲು ಚಿಕ್ಕಪ್ಪ ಆ ಫೋಟೋ ಕಳಿಸು ಅಂದಿದ್ದರು. ಮಸುಕಾಗಿದೆ ಅಂದೆ. ಪರವಾಗಿಲ್ಲ, ಕಳಿಸು ಅಂದರು. ಹತ್ತು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಅವರ ದನಿ ಬಂತು.

"ಮೇಲೆ ನೋಡು ಪುಟ್ಟಿ, ಬಲಗಡೆ. ಕ್ರೇನಿನ ಬುಟ್ಟೀಲಿ, ಲೈಟ್ ಪಕ್ಕ. ಇಬ್ಬರು ಇದ್ದಾರೆ ನೋಡು. ಮಳೇಲೇ ನಿಂತವ್ರೆ."

ಏಳು ತಿಂಗಳಿಂದ ಆ ಫೋಟೋ ನನ್ನ ಹತ್ತಿರವೇ ಇತ್ತು. ನಾನು ನೋಡಿದ್ದು ನೇರಳೆ ಚುಕ್ಕಿ ಒಂದನ್ನೇ. ಬೆರಳಿನಿಂದ ಹಿಗ್ಗಿಸಿ ಬಲಗಡೆಗೆ ಸರಿಸಿದೆ. ಬೆಳಕಿನ ಹಿಂದೆ, ಕತ್ತಲಲ್ಲಿ ಎರಡು ರೇನ್‌ಕೋಟು. ಒಬ್ಬರ ಕೈ ಲೈಟಿನ ಮೇಲಿತ್ತು.