ಷಟ್ಕೋನದ ಟೆಸಲೇಶನ್: ನಡುವಿನ ತಿರುವು ಕೂತಿತು

ಒಂದೇ ಹಾಳೆಯನ್ನು ಮಡಿಸಿ, ಅದೇ ಆಕಾರಗಳು ಮತ್ತೆ ಮತ್ತೆ ಬರುವಂತೆ ಮಾಡುವ ಒರಿಗಾಮಿ ವಿನ್ಯಾಸವೇ ಟೆಸಲೇಶನ್. ಅದಕ್ಕೆ ಬೇಕಾದ ಮಡಿಕೆ ಗೆರೆಗಳ ಜಾಲ, ಅಂದರೆ ಗ್ರಿಡ್, ಪೂರ್ತಿ ಆಯಿತು. ಆರು ಮೂಲೆಯ ಹಾಳೆ, ಎದುರೆದುರು ಅಂಚುಗಳ ನಡುವೆ 32 ಪಟ್ಟಿ. ಅರ್ಧ, ಅರ್ಧದಲ್ಲಿ ಅರ್ಧ ಅಂತ ಐದು ಸುತ್ತು ಮಡಿಸಿದರೆ 32 ಸಿಗುತ್ತದೆ. ಅದನ್ನೇ ಮೂರು ದಿಕ್ಕಿನಲ್ಲೂ ಮಾಡಬೇಕು. ಆಮೇಲೆ ಪ್ರತಿ ಗೆರೆಯನ್ನೂ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಮಡಿಸಬೇಕು. ಇಲ್ಲಿ ಆತುರ ಪಡದಿದ್ದರೆ ಮುಂದೆ ಕಾಗದವೇ ದಾರಿ ತೋರಿಸುತ್ತದೆ. ಮೆತ್ತನೆಯ ಕಾಗದ ಮಾತ್ರ ಬೇಡ, ಗೆರೆಗಳು ಕೂಡುವ ಕಡೆ ಬೇಗ ತೂತು ಬೀಳುತ್ತದೆ.

ಈ ವಿನ್ಯಾಸದಲ್ಲಿ ನನ್ನನ್ನು ಹಿಡಿದಿಟ್ಟದ್ದು ತಿರುಗುವ ದಿಕ್ಕು. ತಿರುವು ಅಂದರೆ ಸುತ್ತಲಿನ ನೆರಿಗೆಗಳ ನಡುವೆ ತಿರುಗಿ ಚಪ್ಪಟೆಯಾಗಿ ಕೂರುವ ಆಕಾರ. ಒಂದು ತಿರುವಿನಿಂದ ಹೊರಟ ನೆರಿಗೆ ಇನ್ನೊಂದು ತಿರುವನ್ನು ಸೇರುತ್ತದೆ. ಈ ತುದಿಯಿಂದ ನೋಡಿದರೆ ಅದು ಎಡಕ್ಕೆ ಬಿದ್ದಿರುತ್ತದೆ, ಆ ತುದಿಯಿಂದ ನೋಡಿದರೆ ಬಲಕ್ಕೆ. ಹಾಗಾಗಿ ಕಾಗದದ ಒಂದೇ ಮುಖದಲ್ಲಿ ಅಕ್ಕಪಕ್ಕದ ತಿರುವುಗಳು ಯಾವಾಗಲೂ ಉಲ್ಟಾ ತಿರುಗಬೇಕು. ಚೌಕದ ತಿರುವುಗಳಿಗೆ ಇದು ಸಲೀಸು. ಷಟ್ಕೋನಗಳು ಹಾಗಲ್ಲ. ಮೂರು ಷಟ್ಕೋನಗಳು ಒಂದಕ್ಕೊಂದು ನೇರವಾಗಿ ಜೋಡಿಯಾದರೆ, ಮೂರೂ ಒಂದಕ್ಕೊಂದು ಉಲ್ಟಾ ತಿರುಗುವುದು ಹೇಗೆ? ಸಾಧ್ಯವಿಲ್ಲ ಅಲ್ವಾ? ಅದಕ್ಕೇ ನಡುವೆ ತ್ರಿಕೋನದ ತಿರುವುಗಳು ಬರುತ್ತವೆ. ಷಟ್ಕೋನಗಳೆಲ್ಲ ಬಲಕ್ಕೆ, ತ್ರಿಕೋನಗಳೆಲ್ಲ ಎಡಕ್ಕೆ. ಇದು ಅರ್ಥವಾದ ಮೇಲೆ ಚಿತ್ರ ನೋಡಿ ಗೆರೆ ಎಣಿಸುವುದನ್ನೇ ಬಿಟ್ಟೆ.

ನಡುವಿನ ಷಟ್ಕೋನಕ್ಕೆ ಮೊದಲು ಆರು ನೆರಿಗೆಗಳನ್ನೂ ಚಿವುಟಿ ಎಬ್ಬಿಸಿದೆ. ಆಮೇಲೆ ನಡುಭಾಗವನ್ನು ಮೆಲ್ಲಗೆ ತಿರುಗಿಸಿ ಒತ್ತಿದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಆ ಕ್ಷಣ ನಿಜಕ್ಕೂ ಖುಷಿ ಕೊಡುತ್ತದೆ! ಕೂರದಿದ್ದರೆ ಮೂಲೆಗಳನ್ನು ನೋಡಬೇಕು. ಪ್ರತಿ ಮೂಲೆಯಲ್ಲೂ ನಾಲ್ಕು ಗೆರೆ ಸೇರುತ್ತವೆ: ಮೂರು ಉಬ್ಬು, ಒಂದು ತಗ್ಗು. ಚಪ್ಪಟೆಯಾಗುವ ಯಾವ ಬಿಂದುವಿನಲ್ಲಾದರೂ ಉಬ್ಬು ಮತ್ತು ತಗ್ಗು ಗೆರೆಗಳ ಸಂಖ್ಯೆಯ ನಡುವಿನ ವ್ಯತ್ಯಾಸ ಎರಡೇ ಇರಬೇಕು. ಇದನ್ನು ಮಾಏಕಾವಾ ನಿಯಮ ಅನ್ನುತ್ತಾರೆ.

ಸುತ್ತಲಿನ ಆರು ತ್ರಿಕೋನಗಳೂ ಕೂತಿವೆ. ಹಾಳೆ ಆಗಲೇ ಸಾಕಷ್ಟು ಚಿಕ್ಕದಾಗಿದೆ. ಒಂದು ಪಟ್ಟಿ ಅಗಲದ ನೆರಿಗೆ ಎರಡು ಪಟ್ಟಿಯಷ್ಟು ಕಾಗದ ನುಂಗುತ್ತದೆ. ಬೆಳಕಿಗೆ ಹಿಡಿದರೆ ಒಂದೇ ಪದರ ಇರುವ ಕಡೆ ತಿಳಿಯಾಗಿ, ಮೂರು ಪದರದ ನೆರಿಗೆಗಳು ಗಾಢವಾಗಿ ಕಾಣುತ್ತವೆ. ನನಗೆ ಮುಂಭಾಗಕ್ಕಿಂತ ಈ ನೋಟವೇ ಜಾಸ್ತಿ ಇಷ್ಟ.

ಮುಂದಿನ ಕೆಲಸ ಹೊರಸುತ್ತು. ತ್ರಿಕೋನಗಳಿಂದ ಹೊರಟ ಹನ್ನೆರಡು ನೆರಿಗೆಗಳು ಎರಡೆರಡಾಗಿ ಆರು ಹೊಸ ಷಟ್ಕೋನಗಳನ್ನು ಸೇರಬೇಕು. ಒಂದೊಂದನ್ನೇ ಮುಗಿಸುತ್ತಾ ಹೋದರೆ ಪಕ್ಕದ ನೆರಿಗೆಗಳು ಎಳೆದಾಡುತ್ತವೆ. ಹಾಗಾಗಿ ಆರನ್ನೂ ಅರ್ಧ ಎಬ್ಬಿಸಿಟ್ಟು, ಆಮೇಲೆ ಸುತ್ತಲೂ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಕೂರಿಸುತ್ತೇನೆ.