ಹಕ್ಕಿ ನೋಡಲು ರಂಗನತಿಟ್ಟಿಗೇ ಹೋಗಬೇಕೇ?

ದೀಪಾವಳಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಕುಮಟಾದ ಪರಿಚಿತರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮಕ್ಕಳಿಗೆ ಹಕ್ಕಿ ತೋರಿಸಬೇಕು, ಈಗ ರಂಗನತಿಟ್ಟಿಗೆ ಹೋಗಬಹುದೇ?"

ಹೋಗಬಹುದು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, ನನಗೂ ಅದರ ಮೇಲೆ ಭಕ್ತಿಯಿದೆ. ಆದರೆ ಅಲ್ಲಿ ಗೂಡು, ಮರಿಗಳ ಗದ್ದಲ ನೋಡಬೇಕಾದರೆ ಬೇಸಿಗೆಯವರೆಗೆ ಕಾಯುವುದು ಮೇಲು. ಕಾರ್ತಿಕದಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗುವವರು ತಮ್ಮ ಊರಿನ ಕೆಸರನ್ನು ದಾಟಿಯೇ ಹೋಗುತ್ತಾರೆ. ನಾನು ತೋರಿಸುವುದು ಆ ಕೆಸರನ್ನು.

ಕುಮಟಾದ ಬಳಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಪಟ್ಟಿಯ ಸುದ್ದಿ ಬರುವ ಎಷ್ಟೋ ಮೊದಲಿನಿಂದ ದೂರದೇಶದ ಹಕ್ಕಿಗಳಿಗೆ ಈ ವಿಳಾಸ ಗೊತ್ತಿತ್ತು. ನೀರು ಇಳಿದಾಗ ತೆರೆದುಕೊಳ್ಳುವ ಬಯಲಿನಲ್ಲಿ ಸಣ್ಣ ಪ್ಲೋವರ್‌ಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕಣ್ಣಿಗೆ ಬಿದ್ದದ್ದನ್ನು ಕುಕ್ಕಿ ಮತ್ತೆ ಓಡುತ್ತವೆ. ಸ್ಯಾಂಡ್‌ಪೈಪರ್‌ಗಳು ಕೊಕ್ಕನ್ನು ಕೆಸರಿಗೆ ಚುಚ್ಚಿ ತಡಕುತ್ತವೆ. ಕರ್ಲ್ಯೂ ತನ್ನ ಕುಡುಗೋಲಿನಂಥ ಉದ್ದ ಕೊಕ್ಕನ್ನು ಬುಡದವರೆಗೂ ಇಳಿಸಿ, ಉಳಿದವರಿಗೆ ಎಟುಕದ ಹುಳವನ್ನು ಎಳೆದು ತೆಗೆಯುತ್ತದೆ. ಒಂದೇ ಕೆಸರು, ಬೇರೆ ಬೇರೆ ಅಂತಸ್ತಿನ ಊಟದ ಮನೆ. ಕನ್ನಡದಲ್ಲಿ ಇಂಥ ಹಲವು ಹಕ್ಕಿಗಳಿಗೆ ಗೊರವ ಎಂಬ ಒಂದೇ ಹೆಸರು ಹೊಂದುತ್ತದೆ. ಬೂದುಬಣ್ಣದ ಸಣ್ಣ ಗೊರವಗಳನ್ನು ಒಂದರಿಂದ ಒಂದು ಬೇರ್ಪಡಿಸಲಾಗದೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎಷ್ಟೋ ಸಾಲುಗಳು ಖಾಲಿ ಉಳಿದಿವೆ. ಅದಕ್ಕೆ ನಾಚಿಕೆಯಿಲ್ಲ.

ಗಡಿಯಾರ ನೋಡಿ ಮಾತ್ರ ಹೋಗಬೇಡಿ. ಒಮ್ಮೆ ಬೆಂಗಳೂರಿನಿಂದ ಬಂದ ಭಾವನ ಮನೆಯವರನ್ನು ಬೆಳಿಗ್ಗೆ ಒಂಬತ್ತಕ್ಕೆ ಹೆಮ್ಮೆಯಿಂದ ಕರೆದೊಯ್ದೆ. ತುಂಬು ಉಬ್ಬರ. ಕೆಸರೆಲ್ಲ ನೀರಿನಡಿ, ಮೇಲೆ ಒಂದು ಗರುಡ, ದಡದಲ್ಲಿ ಎರಡು ಬೆಳ್ಳಕ್ಕಿ. "ಇಷ್ಟೇನಾ ಮಾವ?" ಎಂದಿತು ಮಗು. ಬಳಚು ಎಂಬ ಕೆಸರಿನ ಚಿಪ್ಪುಜೀವಿಯನ್ನು ಹೆಕ್ಕಲು ನೀರಿಳಿಯುವುದನ್ನು ಕಾಯಬೇಕಿದ್ದ ಹೆಂಗಸೊಬ್ಬರು, "ಈಗ ಯಾರು ಬರುತ್ತಾರೆ? ಮಧ್ಯಾಹ್ನದ ಮೇಲೆ ಬನ್ನಿ" ಎಂದು ನಕ್ಕರು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ತಾಸು. ದಿನದಿಂದ ದಿನಕ್ಕೆ ಈ ಹೊತ್ತು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ, ಅಷ್ಟೇ ಕೆಳಗೆ ಇಳಿಯುತ್ತದೆ. ಬಳಚಿನವರು ಗದ್ದೆಗೆ ಇಳಿದಂತೆ ಅಳಿವೆಗೆ ಇಳಿದರೆಂದರೆ ಹಕ್ಕಿಗಳೂ ಇಳಿದಿವೆ ಎಂದೇ ಲೆಕ್ಕ. ಉಪ್ಪು ತಾಳುವ ಕಗ್ಗ ಭತ್ತದ ಕೊಯ್ಲಾದ ಗಜನಿಯನ್ನೂ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯನ್ನೂ, ಹಾದಿಯಲ್ಲಿ ಒಮ್ಮೆ ಇಣುಕಿ ನೋಡಿ.

ದೂರ ಹೋಗಬೇಕಿಲ್ಲ ಎಂಬ ಮಾತು ಊರ ಕೆರೆಗೂ ಸಲ್ಲುತ್ತದೆ. ನವೆಂಬರಿನಲ್ಲಿ ತಾವರೆ ಎಲೆಯ ಮೇಲೆ ದೇವನಕ್ಕಿ, ನಡುನೀರಿನಲ್ಲಿ ಸಿಳ್ಳೆ ಬಾತು ಸಿಕ್ಕೇ ಸಿಗುತ್ತವೆ; ದಂಡೆಯಲ್ಲಿ ಬಾಲ ಕುಣಿಸುವ ಸಿಪಿಲೆಗಳೂ ಬಂದಿರುತ್ತವೆ. ಆದರೆ ಇತ್ತೀಚೆಗೆ ನಾನು ಹೋಗುತ್ತಿದ್ದ ಕೆರೆಯೊಂದನ್ನು "ಅಭಿವೃದ್ಧಿ" ಮಾಡಿದರು. ಸುತ್ತ ಕಲ್ಲು ಕಟ್ಟಿ, ನಡಿಗೆಯ ಹಾದಿ ಮಾಡಿ, ಬಣ್ಣದ ದೀಪ ಹಾಕಿದರು. ನೀರು ಈಗ ಕನ್ನಡಿಯಂತಿದೆ. ನೀರು ಇಳಿದಂತೆ ಒಂದೊಂದೇ ಗೇಣು ಹೊರಬರುತ್ತಿದ್ದ ಕೆಸರಿನ ಅಂಚು ಮಾತ್ರ ಇಲ್ಲ. ಅದನ್ನೇ ನಂಬಿ ಬರುತ್ತಿದ್ದ ಗೊರವಗಳೂ ಇಲ್ಲ. ನೀರುಕಾಗೆಗೆ ತೊಂದರೆಯಾಗಲಿಲ್ಲ, ಅದು ದೀಪದ ಕಂಬದ ಮೇಲೆ ಕುಳಿತು ರೆಕ್ಕೆ ಒಣಗಿಸುತ್ತದೆ.

ಇನ್ನೊಂದು ವಿನಂತಿ: ಫೋಟೊಕ್ಕಾಗಿ ಹಿಂಡನ್ನು ಎಬ್ಬಿಸಬೇಡಿ. ಸಾವಿರಾರು ಮೈಲಿ ಹಾರಿ ಬಂದವು ಅವು, ತಿಂದದ್ದನ್ನು ನಮ್ಮಿಂದ ತಪ್ಪಿಸಿಕೊಳ್ಳಲು ಖರ್ಚು ಮಾಡುವಂತಾಗಬಾರದು. ಬೈನಾಕ್ಯುಲರ್ ಇದ್ದರೆ ಸಾಕು, ಎಂಟು ಪಟ್ಟಿನದು ಧಾರಾಳ. ಕಾಲಿಗೆ ಹಳೆಯ ಚಪ್ಪಲಿ ಇರಲಿ. ಗಜನಿಯ ಕೆಸರಿಗೆ ಹೊಸ ಬೂಟೊಂದನ್ನು ಕೊಟ್ಟು ಬಂದವನು ನಾನು. ಒಂದೇ ಕಾಲಿನದು, ಇನ್ನೊಂದು ಇನ್ನೂ ಮನೆಯಲ್ಲಿದೆ.